ಕಲಬುರಗಿಯೊಳಗ ನಾಕು ಪೋರ್ಷನ್‌ದು ಹಳೆ ಮನಿ ಕಿರಾಯಿ ಸಲುವಾಗಿ ತಗೋಬೇಕಂತ ಅದೀನಿ, ಏನೇನು ನೋಡಬೇಕು?

ಹುಮನಾಬಾದ್‌ಬೇಸ್:

ಎಲ್ಲರಿಗೂ ಶರಣ್ರಿ. ಜೇವರ್ಗಿ ರೋಡ್ ಕಡೆ ಒಂದು ಕಾಲೋನಿಯೊಳಗ 30×40 ಜಾಗಾದಾಗ ಕಟ್ಟಿದ ಮನಿ ಮಾರಾಟಕ್ಕ ಅದ. ಕೆಳಗ ಎರಡು, ಮ್ಯಾಲ ಎರಡು, ಒಟ್ಟು ನಾಕು ಪೋರ್ಷನ್. ನಾಕಕ್ಕೂ ಕಿರಾಯಿದಾರ್ರು ಅದಾರ, ತಿಂಗಳಿಗೆ ಎಲ್ಲಾ ಸೇರಿ 26,000 ಬರ್ತದ ಅಂತ ಮಾಲಕರು ಹೇಳ್ತಾರ. ಕಟ್ಟಿ ಹದಿನಾಕು ವರ್ಷ ಆಗ್ಯಾದ. 68 ಲಕ್ಷ ಕೇಳ್ಯಾರ.

ಕರೆಂಟ್ ಮೀಟರ್ ಒಂದೇ ಅದ, ಒಳಗ ನಾಕು ಸಬ್‌ಮೀಟರ್ ಹಾಕ್ಯಾರ. ನಳ ನಾಕು ದಿನಕ್ಕೊಮ್ಮೆ ಬರ್ತದಂತ, ಬೋರ್‌ವೆಲ್ಲೂ ಅದ. ಕಿರಾಯಿದಾರ್ರೊಳಗ ಒಬ್ಬರದಷ್ಟೇ ಬರದ ಕರಾರು ಅದ, ಉಳದ ಮೂವರದು ಬಾಯಿಮಾತು. ನಾನು 40 ಲಕ್ಷ ಸಾಲ ತಗೀಬೇಕಾಗ್ತದ. ನೌಕರಿ ಹೈದರಾಬಾದಿನಾಗ, ತಿಂಗಳಿಗೊಮ್ಮೆ ಊರಿಗೆ ಬರ್ತೀನಿ.

ಬಯಾನಾ (ಮುಂಗಡ) ಕೊಡೋಕಿಂತ ಮೊದಲು ಏನು ಪರೀಕ್ಷೆ ಮಾಡಬೇಕು? ತಗೊಂಡ ಮ್ಯಾಲ ದೂರಿಂದ ಹ್ಯಾಂಗ ನಡಸಬೇಕು? ಗೊತ್ತಿದ್ದವ್ರು ವಿವರವಾಗಿ ಹೇಳ್ರಿ.


ಲೆಕ್ಕಪತ್ರ:

ಮೊದಲು 26,000 ಎಲ್ಲಿ ಹೋಗುತ್ತದೆ ನೋಡೋಣ.

ವರ್ಷಕ್ಕೆ 3,12,000 ರೂಪಾಯಿ. 68 ಲಕ್ಷಕ್ಕೆ ಶೇ 4.6 ಬಂದ ಹಾಗೆ ಕಾಣುತ್ತದೆ. ಆದರೆ ನಿಮಗೆ ಮನೆ 68 ಲಕ್ಷಕ್ಕೆ ಬೀಳುವುದಿಲ್ಲ. ಮುದ್ರಾಂಕ ಶುಲ್ಕ ಶೇ 5, ಸೆಸ್ ಮತ್ತು ಸರ್ಚಾರ್ಜ್ ಸೇರಿದರೆ ನಗರದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 5.17 ಲಕ್ಷ. ಹೀಗೆ ಖರ್ಚು 73 ಲಕ್ಷ ದಾಟಿತು.

ಈಗ ಕಳೆಯಿರಿ. ಒಂದೊಂದು ಪೋರ್ಷನ್ ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ 26,000. ಹದಿನಾಲ್ಕು ವರ್ಷದ ಕಟ್ಟಡಕ್ಕೆ ಬಣ್ಣ, ಪ್ಲಂಬಿಂಗ್, ಮೋಟರ್ ರಿವೈಂಡಿಂಗ್ ಅಂತ ವರ್ಷಕ್ಕೆ ಸರಾಸರಿ 40,000 ತೆಗೆದಿಡಿ. ಮನೆ ಕರ 8,000 ಅಂತ ಹಿಡಿದು, ಮೆಟ್ಟಿಲ ದೀಪ, ಮೋಟರ್ ಕರೆಂಟು, ಟ್ಯಾಂಕ್ ತೊಳೆಸುವುದು, ಬೇಸಿಗೆಯ ಟ್ಯಾಂಕರ್ ನೀರು ಸೇರಿಸಿದರೆ 18,000. ಕೈಗೆ ಉಳಿಯುವುದು 2,28,000. ಅದು 73 ಲಕ್ಷಕ್ಕೆ ಶೇ 3.1.

40 ಲಕ್ಷಕ್ಕೆ ಶೇ 8.5ರ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 34,700. ಮನೆಯಿಂದ ನಿಜವಾಗಿ ಬರುವುದು ತಿಂಗಳಿಗೆ 19,000. ಉಳಿದ 15,700 ನಿಮ್ಮ ಸಂಬಳದಿಂದ ಹೋಗಬೇಕು. ‘ಕಿರಾಯಿಯೇ ಕಂತು ತುಂಬುತ್ತದೆ’ ಎಂದು ದಲ್ಲಾಳಿ ಹೇಳಿದರೆ ಈ ಲೆಕ್ಕ ಮುಂದಿಡಿ.

ಖರ್ಚೆಲ್ಲ ಕಳೆದು ಶೇ 4 ಆದರೂ ಉಳಿಯಲಿ ಅಂದರೆ ನೋಂದಣಿ ಸೇರಿ 57 ಲಕ್ಷದೊಳಗೆ ಮುಗಿಯಬೇಕು. ಅದಕ್ಕೆ ಮಾತಿನ ಬೆಲೆ 53 ಲಕ್ಷ. ಜಾಗದ ಬೆಲೆ ಏರುತ್ತದೆ ಎಂಬ ನಂಬಿಕೆ ಇದ್ದರೆ ಹೆಚ್ಚು ಕೊಡಬಹುದು, ಆದರೆ ಆಗ ನೀವು ಹಣ ಹಾಕುತ್ತಿರುವುದು ಜಾಗದ ಮೇಲೆ, ಕಿರಾಯಿಯ ಮೇಲೆ ಅಲ್ಲ. ಅದನ್ನು ಗೊತ್ತಿದ್ದೇ ಮಾಡಿ.

ಆದಾಯ ತೆರಿಗೆಯಲ್ಲಿ, ಬಂದ ಬಾಡಿಗೆಯಿಂದ ನೀವು ಕಟ್ಟಿದ ಮನೆ ಕರ ಕಳೆದು, ಉಳಿದದ್ದರಲ್ಲಿ ಶೇ 30 ದುರಸ್ತಿ ವಗೈರೆಗೆಂದು ನೇರವಾಗಿ ಬಿಡುತ್ತಾರೆ. ನೀವು ಖರ್ಚು ಮಾಡಿದ್ದು ಅದಕ್ಕಿಂತ ಹೆಚ್ಚಿದ್ದರೂ ಅಷ್ಟೇ, ಕಡಿಮೆ ಇದ್ದರೂ ಅಷ್ಟೇ. ಆಮೇಲೆ ಸಾಲದ ಬಡ್ಡಿ ಕಳೆಯಬಹುದು. ನಿಮ್ಮ ಮೊದಲ ವರ್ಷದ ಬಡ್ಡಿ 3.37 ಲಕ್ಷದ ಆಸುಪಾಸು ಇರುತ್ತದೆ. ಹಾಗಾಗಿ ‘ಮನೆ ಆಸ್ತಿಯ ಆದಾಯ’ ಎಂಬ ತಲೆಬರಹದಲ್ಲಿ ಸುಮಾರು 1.4 ಲಕ್ಷ ನಷ್ಟ ಬರುತ್ತದೆ. ಹಳೆ ಪದ್ಧತಿಯಲ್ಲಿ ಇಂಥ ನಷ್ಟವನ್ನು ವರ್ಷಕ್ಕೆ 2 ಲಕ್ಷದ ಮಿತಿಯಲ್ಲಿ ಸಂಬಳದ ಎದುರು ವಜಾ ಮಾಡಬಹುದು. ಹೊಸ ಪದ್ಧತಿಯಲ್ಲಿ ಸಂಬಳದ ಎದುರು ಒಂದು ರೂಪಾಯಿಯೂ ವಜಾ ಆಗುವುದಿಲ್ಲ. ಸಾಲ ತೆಗೆಯುವ ಮೊದಲು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಸಿ.

ಮನೆ ಕರವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಬೆಳೆಯುತ್ತದೆ. ಮಾಲಕರ ಹಳೆಯ ಬಾಕಿ ಆಸ್ತಿಯ ಮೇಲೆಯೇ ನಿಲ್ಲುತ್ತದೆ, ಎಲ್ಲ ವರ್ಷದ ರಸೀದಿ ಕೇಳಿ.


ಎರಿಮಣ್ಣು:

ರೊಕ್ಕದ ಲೆಕ್ಕ ಬರೋಬ್ಬರಿ ಹೇಳ್ಯಾರ. ನಾನು ಕಟ್ಟಡದ್ದು ಹೇಳ್ತೀನಿ, ಯಾಕಂದ್ರ ಆ 40,000 ದುರಸ್ತಿ ಅನ್ನೋದು ಬುನಾದಿ ಚೊಲೋ ಇದ್ರ ಮಾತ್ರ.

ಊರ ಸುತ್ತಲಿನ ಭಾಳ ಕಾಲೋನಿಗಳು ಮೊದಲು ಜ್ವಾಳ, ತೊಗರಿ ಬೆಳೀತಿದ್ದ ಎರಿ ಹೊಲ. ಎರಿ ಮಣ್ಣು ನೀರು ಕುಡದು ಉಬ್ಬತದ, ಬ್ಯಾಸಗಿಗೆ ಒಣಗಿ ಬಿರಿತದ. ಮ್ಯಾಲಿನ ಮನಿನೂ ಅದರ ಸಂಗಾಟ ಏಳತದ, ಇಳಿತದ. ಮಾಲಕರಿಗೆ ಕೇಳೋ ಮೊದಲ ಪ್ರಶ್ನೆ: ಬುನಾದಿ ಮುರುಮ್ (ಕೆಳಗಿನ ಗಟ್ಟಿ ಗರಸು ಮಣ್ಣು) ತನಕ ಅಥವಾ ಕಲ್ಲಿನ ತನಕ ಹೋಗ್ಯಾದೋ, ಎರಿಯೊಳಗೇ ನಿಂತದೋ? ಪ್ಲಿಂತ್ ಬೀಮ್ (ಬುನಾದಿ ಮ್ಯಾಲ ಗೋಡಿ ಕೆಳಗ ಹೋಗೋ ಕಾಂಕ್ರೀಟ್ ತೊಲಿ) ಅದನೋ ಇಲ್ಲೋ? ಎರಿ ಭಾಳ ಆಳ ಇದ್ದಲ್ಲಿ ಸರಿಯಾದ ಪದ್ಧತಿ ಅಂದ್ರ ತಳದಾಗ ಗಡ್ಡಿಯಂಗ ಉಬ್ಬಿರೋ ಕಾಂಕ್ರೀಟ್ ಕಂಬ, ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟದ್ದು, ಸಾಧಾರಣ ಮೂರುವರಿ ಮೀಟರ್ ಆಳ. ಆದ್ರ ಹಳೆ ಮನಿಗಳಿಗೆ ಅದನ್ನ ಹಾಕಿದವ್ರು ಕಡಿಮಿ. ಮಾಲಕರಿಗೆ ನೆನಪಿಲ್ಲಂದ್ರ ಬಾಜೂಕ ಯಾರರೆ ಈಗ ಬುನಾದಿ ಹಡ್ಡಕತ್ತಿದ್ರ ಆ ತೆಗ್ಗಿನಾಗ ಇಣುಕಿ ನೋಡ್ರಿ. ಕರಿ ಮಣ್ಣು ಎಷ್ಟು ಫೂಟಿಗೆ ಮುಗದು ಮುರುಮ್ ಹತ್ತತದ ಅನ್ನೋದು ಕಣ್ಣಿಗೆ ಕಾಣತದ.

ಬಿರುಕು ಎಲ್ಲಾ ಮನಿಯೊಳಗ ಇರ್ತಾವ, ಯಾವ್ದು ಅಂಜೋದು ಯಾವ್ದು ಅಲ್ಲ ಅಂತ ತಿಳಕೋಬೇಕು. ಮ್ಯಾಲಿನ ಮಜಲಿನಾಗ ಛತ್ತಿನ ಕೆಳಗ ಗೋಡಿ ಉದ್ದಕ್ಕ ಅಡ್ಡ ಹೋಗೋ ಸಣ್ಣ ಗೆರಿ ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಬಂದದ್ದು, ಅದಕ್ಕ ತಲಿ ಕೆಡಸ್ಕೋಬ್ಯಾಡ್ರಿ. ಕಿಟಕಿ ಮೂಲಿಯಿಂದ ಓರಿಯಾಗಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಳಗೂ ಹೊರಗೂ ಒಂದೇ ಜಾಗಾದಾಗ ಕಾಣಿಸಿ, 3 ಮಿಲಿಮೀಟರಿಗಿಂತ ಅಗಲ ಇದ್ರ ಬುನಾದಿ ಅಲುಗ್ಯಾದ ಅಂತ ಅರ್ಥ. ಅದು ಮೇ ತಿಂಗಳಾಗ ತೆರದು ಸಪ್ಟೆಂಬರಿನಾಗ ಮುಚ್ಚತದ. ಅದಕ್ಕ ಮಳಿಗಾಲದಾಗ ಮನಿ ನೋಡಿ ಒಪ್ಪಬ್ಯಾಡ್ರಿ.

ಮಾರೋ ಮುಂದ ಬಣ್ಣ ಬಳಸ್ತಾರ. ಬಣ್ಣ ಮುಟ್ಟದ ಜಾಗಾ ನೋಡ್ರಿ: ಪಾವಟಿಗಿ ಕೆಳಗ, ಮಾಳಿನ ಮ್ಯಾಲ, ಕಪಾಟಿನ ಹಿಂದ, ಬಚ್ಚಲ ಹೊರಗಿನ ಗೋಡಿ. ಬಾಗಲ ಚೌಕಟ್ಟಿಗೆ ರಂದಾ ಹೊಡದ ಗುರುತು ಇದ್ರ ಮಳಿಗಾಲದಾಗ ಬಾಗಲ ಹಿಡೀತಿತ್ತು ಅಂತ ತಿಳೀತದ. ಸಂಶಯ ಬಂದ್ರ ಬಿರುಕಿನ ಅಡ್ಡ ಒಂದು ತೆಳ್ಳನ ಗಾಜಿನ ಪಟ್ಟಿ ಎರಡೂ ಕಡೆ ಸಿಮೆಂಟಿನಾಗ ಕೂಡಿಸಿ ತಾರೀಖು ಬರೀರಿ. ಗಾಜು ಒಡದ್ರ ಬಿರುಕು ಇನ್ನೂ ನಡದದ.

ಬುನಾದಿ ಅಲುಗೋದಕ್ಕ ಭಾಳ ಸಲ ಮಳಿಗಿಂತ ಮನಿ ನೀರೇ ಕಾರಣ. ಬಚ್ಚಲದ ನಹಾಣಿ ಟ್ರ್ಯಾಪ್ (ನೆಲದ ನೀರು ಹೊರಗ ಹೋಗೋ ಜಾಲಿ ಕೆಳಗಿನ ಬಟ್ಟಲು) ಸೋರಿದ್ರ ಒಂದೇ ಮೂಲಿ ಹಸಿ ಆಗ್ತದ, ಉಳದ ಕಡೆ ಮಣ್ಣು ಒಣಗಿರ್ತದ. ಅಲ್ಲೇ ಬಿರುಕು ಬೀಳ್ತದ. ಮನಿ ಸುತ್ತ ಕನಿಷ್ಠ ಒಂದು ಮೀಟರ್ ಅಗಲ, ಮೂರು-ನಾಕು ಇಂಚಿನ ಕಾಂಕ್ರೀಟ್ ಪಟ್ಟಿ, ಗೋಡಿಯಿಂದ ಹೊರಗ ಇಳಿಜಾರು ಇರಬೇಕು. ಗೋಡಿ-ಪಟ್ಟಿ ಕೂಡೋ ಸಂದಿಗೆ ಡಾಂಬರು ತುಂಬ್ರಿ, ಸಿಮೆಂಟ್ ತುಂಬಿದ್ರ ಮರುವರ್ಷ ಬಿಡ್ತದ. ಗೋಡಿಗೆ ಹತ್ತಿ ಬೇವು ಅಥವಾ ದೊಡ್ಡ ಗಿಡ ಇದ್ರ ಬ್ಯಾಸಗಿಯೊಳಗ ಬೇರು ನೀರೆಳದು ಆ ಕಡಿ ಮಣ್ಣು ಕುಸೀತದ.

ಇನ್ನ ನೀರು. ಒಬ್ಬರಿಗೆ ದಿನಕ್ಕ 135 ಲೀಟರ್ ಅಂತ ನಗರದ ಮಾನದಂಡ ಅದ. ನಾಕು ಪೋರ್ಷನ್, ಒಂದೊಂದರಾಗ ನಾಕು ಮಂದಿ ಅಂದ್ರ ದಿನಕ್ಕ 2,160 ಲೀಟರ್. ನಳ ನಾಕು ದಿನಕ್ಕೊಮ್ಮೆ ಅಂದ್ರ 8,640 ಲೀಟರ್ ಹಿಡಿಯೋ ಹೌದು (ನೀರಿನ ತೊಟ್ಟಿ) ಬೇಕು. 8×8×5 ಫೂಟಿನ ಹೌದಿನಾಗ 9,000 ಲೀಟರ್ ಹಿಡೀತದ. ಟೇಪ್ ಹಚ್ಚಿ ಅಳದು ನೋಡ್ರಿ. ಸಣ್ಣದಿದ್ರ ಏಪ್ರಿಲ್-ಮೇದಾಗ ಬೋರ್ ಮ್ಯಾಲೇ ನಿಲ್ಲಬೇಕು. ಬೋರ್ ನೀರು ಗಡಸು, ಗೀಜರ್ ಕಾಯಿಲ್, ಶವರ್, ನಲ್ಲಿ ಎಲ್ಲಾ ಬಿಳಿ ಕಿಟ್ಟ ಕಟ್ಟಿ ಕೂಡತಾವ. ಮ್ಯಾಲ ಒಂದೇ ದೊಡ್ಡ ಟ್ಯಾಂಕ್ ಇದ್ರ ಬದಲಸ್ರಿ. ಒಂದೊಂದು ಪೋರ್ಷನ್‌ಗೆ 500 ಲೀಟರಿನ ಬ್ಯಾರೆ ಟ್ಯಾಂಕ್, ಬ್ಯಾರೆ ವಾಲ್ವ್ ಹಾಕಸ್ರಿ. ಒಬ್ಬರ ಫ್ಲಶ್ ಸೋರಿದ್ರ ಅವ್ರ ಟ್ಯಾಂಕಷ್ಟೇ ಖಾಲಿ ಆಗ್ತದ. ನೀರಿನ ಜಗಳ ಅರ್ಧಕ್ಕ ಅರ್ಧ ಇದರಿಂದಲೇ ನಿಂದರ್ತದ.

ಮ್ಯಾಲಿನ ಎರಡು ಪೋರ್ಷನ್ ಮೇ ತಿಂಗಳಾಗ ಕಾದ ಹಂಚಿನಂಗ ಇರ್ತಾವ. ಖಾಲಿ ಬೀಳೋದೂ ಮೊದಲು ಅವೇ. ಛತ್ತಿಗೆ ಬಿಳಿ ಬಣ್ಣ ಅಥವಾ ಸುಣ್ಣ ಹೊಡಸ್ರಿ. ಬರೀ ಸುಣ್ಣ ಒಂದು ಮಳಿಗೆ ತೊಳದು ಹೋಗ್ತದ, ಪ್ರತಿ ಮಾರ್ಚ್‌ದಾಗ ಮತ್ತ ಹೊಡೀಬೇಕು. ಒಡದ ಬಿಳಿ ಟೈಲ್ಸ್ ಕೂಡಸಿದ್ರ ಖರ್ಚು ಹೆಚ್ಚು, ಆದ್ರ ವರ್ಷಗಟ್ಟಲೆ ಬಾಳತದ, ನೀರೂ ಇಳಿಯಂಗಿಲ್ಲ. ಹೊಡಸೋಕಿಂತ ಮೊದಲು ಛತ್ತಿನ ಬಿರುಕು ಮುಚ್ಚಿ, ಪೈಪಿನ ಬುಡಕ್ಕ ಗೋಲಾ (ಸಿಮೆಂಟಿನ ಗುಂಡನ ಅಂಚು) ಕಟ್ಟಸ್ರಿ.

ಕೂಲರ್ ಇಡೋ ಜಾಗಾ ಮೊದಲೇ ಮಾಡಿಕೊಡ್ರಿ: ಕಿಟಕಿ ಹೊರಗ ಕಬ್ಬಿಣದ ಸ್ಟ್ಯಾಂಡ್, ನೀರು ಹೊರಗ ಹೋಗೋ ಪೈಪ್, ಮೂರು ಪಿನ್ನಿನ ಅರ್ಥಿಂಗ್ ಇರೋ ಸಾಕೆಟ್. ಇಲ್ಲಂದ್ರ ಕಿರಾಯಿದಾರ್ರು ಕಿಟಕಿ ಗ್ರಿಲ್ ಕತ್ತರಿಸಿ ಕೂಲರ್ ಇಡ್ತಾರ, ನೀರು ಗೋಡಿಯೊಳಗ ಇಳೀತದ. ತಗಡಿನ ಕೂಲರಿನಾಗ ಕರೆಂಟ್ ಇಳದು ಜೀವ ಹೋಗೋದು ಇಂಥಾ ಮನಿಗಳಾಗೇ. ಒಂದೊಂದು ಪೋರ್ಷನ್‌ಗೆ 30 ಮಿಲಿಆಂಪ್‌ದು ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಆಗೋ ಸ್ವಿಚ್) ಹಾಕದ ಯಾರಿಗೂ ಬೀಗದ ಕೈ ಕೊಡಬ್ಯಾಡ್ರಿ. ಅದರ ಮ್ಯಾಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಬೇಕು ಅಂತ ಕಿರಾಯಿದಾರ್ರಿಗೆ ತೋರಿಸಿ ಹೇಳ್ರಿ. ಬ್ಯಾಸಗಿಯೊಳಗ ಎರಿ ಬಿರಿದು ಅರ್ಥಿಂಗ್ ಸಳಿ ಬಿಟ್ಟು ನಿಲ್ತದ, ಅರ್ಥಿಂಗ್ ಕುಣಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಸ್ರಿ. ಗೀಜರಿಗೆ 4 ಚದರ ಮಿಲಿಮೀಟರಿನ ತಂತಿ, ಬ್ಯಾರೆ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೋ ಸ್ವಿಚ್).

ನೆಲ ಶಹಾಬಾದ್ ಫರ್ಸಿ ಇದ್ರ ಚೊಲೋ, ತಂಪಿರ್ತದ. ಅದು ಸುಣ್ಣಕಲ್ಲು. ಬಚ್ಚಲ ತೊಳಿಯೋ ಆಸಿಡ್ ಬಿದ್ರ ತಿಂದು ಒರಟು ಮಾಡ್ತದ. ಕರಾರಿನಾಗೇ ‘ಫರ್ಸಿ ಮ್ಯಾಲ ಆಸಿಡ್ ಹಾಕಬಾರದು’ ಅಂತ ಬರಸ್ರಿ.


ಕೋರ್ಟ್‌ರಸ್ತೆ:

ಕಾಗದದ ವಿಷಯಕ್ಕೆ ಬರುತ್ತೇನೆ.

ಮಹಾನಗರ ಪಾಲಿಕೆ ವ್ಯಾಪ್ತಿಯಾದರೆ ಇ-ಖಾತಾ ಬೇಕೇ ಬೇಕು, ಅದಿಲ್ಲದೆ ಈಗ ಕ್ರಯಪತ್ರ ನೋಂದಣಿ ಆಗುವುದಿಲ್ಲ. ಎನ್‌ಎ ಆದೇಶ (ಕೃಷಿ ಜಮೀನನ್ನು ಕೃಷಿಯೇತರ ಮಾಡಿದ್ದು), ಲೇಔಟ್ ಮಂಜೂರಾತಿ, ಕಟ್ಟಡ ಪರವಾನಗಿ ಮೂರನ್ನೂ ನೋಡಿ. ಪರವಾನಗಿ ನೆಲಮಹಡಿಗೆ ಮಾತ್ರ ಇದ್ದು ಮೇಲೆ ಎರಡು ಪೋರ್ಷನ್ ಎಬ್ಬಿಸಿದ್ದರೆ ಬ್ಯಾಂಕಿನ ಮೌಲ್ಯಮಾಪನದಲ್ಲಿ ಮೇಲಿನ ಮಹಡಿಗೆ ಬೆಲೆ ಬರುವುದು ಕಷ್ಟ, ನಿಮ್ಮ 40 ಲಕ್ಷ ಸಾಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಋಣಭಾರ ಪ್ರಮಾಣಪತ್ರವನ್ನು 30 ವರ್ಷದ್ದು ತೆಗೆಸಿ.

ಕಿರಾಯಿದಾರರು ಒಳಗಿರುವ ಮನೆ ಕೊಂಡರೆ ಹಳೆ ಮಾಲಕರ ಜಾಗದಲ್ಲಿ ನೀವು ನಿಲ್ಲುತ್ತೀರಿ. ಕಿರಾಯಿ ಪಡೆಯುವ ಹಕ್ಕೂ ಬರುತ್ತದೆ, ಕರಾರಿನ ಹೊಣೆಯೂ ಬರುತ್ತದೆ. ಎಲ್ಲರೂ ಎಡವುವುದು ಡಿಪಾಜಿಟ್ ವಿಷಯದಲ್ಲಿ. ಮಾಲಕರು 30,000 ಅನ್ನುತ್ತಾರೆ, ಕಿರಾಯಿದಾರರು 50,000 ಅನ್ನುತ್ತಾರೆ, ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಕ್ರಯಪತ್ರಕ್ಕೆ ಮೊದಲು ಒಂದೊಂದು ಪೋರ್ಷನ್‌ಗೆ ಹಳೆ ಮಾಲಕರು, ನೀವು, ಆ ಕಿರಾಯಿದಾರರು ಮೂವರೂ ಸಹಿ ಮಾಡಿದ ಪತ್ರ ಬರಲಿ: ಕಿರಾಯಿ ಎಷ್ಟು, ಡಿಪಾಜಿಟ್ ಎಷ್ಟು, ಯಾವ ತಿಂಗಳವರೆಗೆ ಸಂದಾಯವಾಗಿದೆ, ಇನ್ನು ಮುಂದೆ ಕಿರಾಯಿ ಯಾರಿಗೆ. ನಾಲ್ಕೂ ಡಿಪಾಜಿಟ್ ಕೂಡಿಸಿ ಕ್ರಯದ ಮೊತ್ತದಲ್ಲಿ ಮುರಿದುಕೊಳ್ಳಿ. 26,000 ಎಂಬುದು ನಿಜವೇ ಎಂದು ತಿಳಿಯಲೂ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕಿರಾಯಿದಾರರು ಸಹಿ ಹಾಕಲು ಹಿಂಜರಿದರೆ ಮಾಲಕರು ಹೇಳಿದ ಅಂಕಿಯಲ್ಲಿ ಏನೋ ಇದೆ ಎಂದೇ ತಿಳಿಯಿರಿ.

ಕರ್ನಾಟಕ ಬಾಡಿಗೆ ಕಾಯ್ದೆ 1999 ನಿಮಗೆ ಅನ್ವಯಿಸುತ್ತದೆಯೇ ಎಂದು ಹಲವರು ಕೇಳುತ್ತಾರೆ. ತಿಂಗಳ ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿರುವ ಮನೆ ರಾಜ್ಯದಲ್ಲಿ ಎಲ್ಲೇ ಇರಲಿ, ಆ ಕಾಯ್ದೆಯ ಹೊರಗೆ. ನಿಮ್ಮ ಪೋರ್ಷನ್‌ಗಳೆಲ್ಲ 6,500ರ ಆಸುಪಾಸಿನವು, ಆದ್ದರಿಂದ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ತಿಂಗಳ ಲೆಕ್ಕದ ಬಾಡಿಗೆ ಮುಗಿಸಲು 106ನೇ ಕಲಮಿನ ಪ್ರಕಾರ 15 ದಿನದ ಲಿಖಿತ ನೋಟಿಸು, ಆಮೇಲೂ ಬಿಡದಿದ್ದರೆ ಸಿವಿಲ್ ದಾವೆ.

ದಾವೆಗೆ ಸಮಯ ಹಿಡಿಯುತ್ತದೆ ಎಂದು ನೀರು, ಕರೆಂಟು ಕಡಿಯುವುದು, ಬೇರೆ ಬೀಗ ಹಾಕುವುದು ಬೇಡವೇ ಬೇಡ. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಲ್ಲಿ ಆರು ತಿಂಗಳೊಳಗೆ ದಾವೆ ಹಾಕಿ ಕಿರಾಯಿದಾರರು ಸ್ವಾಧೀನ ವಾಪಸ್ ಪಡೆಯಬಹುದು. ಮನೆ ನಿಮ್ಮದೆಂಬ ವಾದ ಅಲ್ಲಿ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯ, ಒಳಗೆ ಮಕ್ಕಳು ಮುದುಕರು ಇರುತ್ತಾರೆ.

ಕರಾರು 11 ತಿಂಗಳದ್ದು ಮಾಡಿಸುವುದು ಯಾಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. 100 ರೂಪಾಯಿ ಸ್ಟಾಂಪಿನಲ್ಲಿ ‘ಮೂರು ವರ್ಷಕ್ಕೆ’ ಎಂದು ಬರೆಸಿದ ಕಾಗದದ ಶರತ್ತುಗಳು ಕೋರ್ಟಿನಲ್ಲಿ ನಿಲ್ಲುವುದಿಲ್ಲ. 11 ತಿಂಗಳದ್ದಕ್ಕೂ ಸ್ಟಾಂಪು ಸರಿಯಾದ ಮೊತ್ತದ್ದಿರಬೇಕು. ಕಡಿಮೆ ಇದ್ದರೆ ಕೊರತೆಯ ಹತ್ತು ಪಟ್ಟು ದಂಡ ಕಟ್ಟುವವರೆಗೆ ಅದನ್ನು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಅವಧಿ ಮುಗಿದ ಮೇಲೆ ಹೊಸದು ಮಾಡಿಸದೆ ಕಿರಾಯಿ ಪಡೆಯುತ್ತ ಹೋದರೆ ಅದು ತಿಂಗಳ ಬಾಡಿಗೆಯಾಗಿ ಮುಂದುವರಿಯುತ್ತದೆ, ಏರಿಕೆಯ ಶರತ್ತಿನ ಬಗ್ಗೆ ತಕರಾರು ಶುರುವಾಗುತ್ತದೆ.

ನಮ್ಮ ಕಡೆ ‘ಲೀಸ್’ ಅಂತ ಒಮ್ಮೆಗೇ ನಾಲ್ಕೈದು ಲಕ್ಷ ತೆಗೆದುಕೊಂಡು ಎರಡು-ಮೂರು ವರ್ಷ ಕಿರಾಯಿ ಇಲ್ಲದೆ ಬಿಡುವ ಪದ್ಧತಿಯೂ ಇದೆ. ಮನೆ ಸಾಲ ಇರುವವರು ಅದಕ್ಕೆ ಕೈಹಾಕಬಾರದು. ಕಂತಿಗೆ ತಿಂಗಳ ಆದಾಯ ಇರುವುದಿಲ್ಲ, ಬಿಡುವಾಗ ಪೂರ್ತಿ ಮೊತ್ತ ಒಮ್ಮೆಗೇ ಹೊಂದಿಸಬೇಕು.


ಗೋದೂತಾಯಿನಗರ:

ಹೈದರಾಬಾದಿನಾಗ ಕುಂತು ನಡಸ್ತೀನಿ ಅಂದ್ರ ಒಂದು ಮಾತು ಮೊದಲೇ ಹೇಳ್ತೀನಿ ಅಣ್ಣಾರ: ನಂಬಿಗಿ ಇರೋ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್ ಫೋನ್ ನಂಬರ್ ಕಿರಾಯಿದಾರ್ರ ಕೈಯಾಗ ಇರಬೇಕು. 1,000 ರೂಪಾಯಿ ತನಕ ಕೆಲಸ ಕೇಳದೇ ಮಾಡಿಸಿ ಬಿಲ್ಲಿನ ಫೋಟೋ ಹಾಕ್ರಿ ಅಂತ ಹೇಳಿಬಿಡ್ರಿ. 200 ರೂಪಾಯಿ ಪೈಪ್ ಕೆಲಸದ ಸಲುವಾಗಿ ನಿಮ್ಮ ಫೋನ್ ಹಾದಿ ಕಾಯ್ಕೊಂತ ಕುಂತ್ರ ಗೋಡಿಯೊಳಗ ನೀರಿಳದು ಹತ್ತು ಪಟ್ಟು ಖರ್ಚು ಬರ್ತದ.

ಯಾರದೇನು ಖರ್ಚು ಅಂತ ಕರಾರಿನಾಗೇ ಬಿಡಿಸಿ ಬರೀರಿ. ಬಲ್ಬ್, ನಲ್ಲಿ ವಾಷರ್, ತಮ್ಮಿಂದ ತುಂಬಿ ನಿಂತ ಚರಂಡಿ ತೆರೆಸೋದು ಕಿರಾಯಿದಾರ್ರದು. ಮೋಟರ್, ಗೋಡಿಯೊಳಗಿನ ಪೈಪ್, ಛತ್ತು, ವಾಯರಿಂಗ್ ಮಾಲಕರದು. ಕೀಲಿ ಕೊಡೋ ದಿನ ಪ್ರತಿ ಖೋಲಿ, ಬಚ್ಚಲ, ಕಿಟಕಿ ಕಾಜು ಎಲ್ಲಾ ವಿಡಿಯೋ ಮಾಡಿ, ಮೀಟರ್ ರೀಡಿಂಗಿನ ಫೋಟೋ ತಗದು, ಅವರಿಗೇ ವಾಟ್ಸಾಪ್ ಮಾಡ್ರಿ. ಬಿಡೋ ದಿನ ಅದೇ ವಿಡಿಯೋ ಹಚ್ಚಿ ನೋಡಿದ್ರ ಡಿಪಾಜಿಟ್ ಮಾತು ಹತ್ತು ನಿಮಿಷದಾಗ ಮುಗೀತದ. ಗೋಡಿಗೆ ವರ್ಷ ಎರಡು ವರ್ಷದಾಗ ಬಣ್ಣ ಮಾಸೋದು ಸಹಜ, ಅದಕ್ಕ ಡಿಪಾಜಿಟ್ ಮುರೀಬಾರದು. ಒಡದ ಬೇಸಿನ್, ಕತ್ತರಿಸಿದ ಗ್ರಿಲ್ ಇದ್ರ ಮುರೀಬಹುದು.

ಖಾಲಿ ಬೀಳೋ ತಿಂಗಳು ಕಡಿಮಿ ಮಾಡೋ ಉಪಾಯ ಒಂದದ. ವರ್ಗಾವಣಿ, ಕಾಲೇಜ್ ಪ್ರವೇಶ, ಮಕ್ಕಳ ಸಾಲಿ ಎಲ್ಲಾ ಮೇದಿಂದ ಜುಲೈ ಒಳಗ ನಡೀತಾವ. ಮನಿ ಹುಡುಕೋರು ಅವಾಗೇ ಹೆಚ್ಚು. ಯಾವ ತಿಂಗಳಾಗ ಬಂದ್ರೂ ಮೊದಲ ಕರಾರು ಮೇ ಕೊನಿಗೆ ಮುಗಿಯೋ ಹಂಗ ಮಾಡ್ರಿ, ಆರು ತಿಂಗಳಿರಲಿ ಎಂಟಿರಲಿ, ಮುಂದ 11 ತಿಂಗಳಿಂದು ಮಾಡ್ರಿ. ಅಕ್ಟೋಬರಿನಾಗ ಖಾಲಿ ಆದ ಪೋರ್ಷನ್ ತುಂಬೋದು ಕಷ್ಟ.

ಯಾರಿಗೆ ಕೊಡಬೇಕು ಅನ್ನೋದರಾಗ ನನ್ನ ಅಭಿಪ್ರಾಯ ಗಟ್ಟಿ ಅದ. ಇಂಥಾ ಜಾತಿಯವ್ರಿಗೇ, ಇಂಥಾ ಊಟದವ್ರಿಗೇ ಅಂತ ಬೋರ್ಡ್ ಹಾಕಿ ತಿಂಗಳುಗಟ್ಟಲೆ ಬೀಗ ಜಡದ ಮನಿ ಈ ಊರಾಗ ಬೇಕಾದಷ್ಟು ಅವ. ಇಎಸ್‌ಐಸಿ ಮತ್ತು ಜಿಮ್ಸ್ ಆಸ್ಪತ್ರಿಯ ನರ್ಸ್‌ಗಳು, ಹೈಕೋರ್ಟ್ ಪೀಠದ ಸಿಬ್ಬಂದಿ, ವಿಶ್ವವಿದ್ಯಾಲಯದ ಸಂಶೋಧಕರು ಎಲ್ಲಾ ಕಡೆಯಿಂದ ಬರ್ತಾರ. ನೋಡಬೇಕಾದ್ದು ಕೆಲಸದ ಗುರುತು, ಹಿಂದಿನ ಮನಿ ಮಾಲಕರ ಮಾತು, ಎಷ್ಟು ಮಂದಿ ಇರ್ತಾರ ಅನ್ನೋದು. ಮನುಷ್ಯರನ್ನ ಬಾಗಲದಾಗೇ ಹೊರಗ ನಿಲ್ಲಸೋದು ತಪ್ಪು, ಆ ಮ್ಯಾಲ ನಷ್ಟಾನೂ ನಿಮಗೇ. ಆಧಾರ್ ಪ್ರತಿ ತಗೊಂಡು ಹತ್ತರದ ಪೊಲೀಸ್ ಠಾಣೆಗೆ ಮಾಹಿತಿ ಕೊಡ್ರಿ, ಇದು ಎಲ್ಲರಿಗೂ ಒಂದೇ ನಿಯಮ ಇರಲಿ.

ಸರ್ಕಾರಿ ನೌಕರರು ಎಚ್‌ಆರ್‌ಎ (ಮನಿ ಬಾಡಿಗಿ ಭತ್ಯೆ) ಸಲುವಾಗಿ ರಸೀದಿ ಕೇಳ್ತಾರ. ವರ್ಷದ ಕಿರಾಯಿ ಒಂದು ಲಕ್ಷ ದಾಟಿದ್ರ ನಿಮ್ಮ ಪ್ಯಾನ್ ನಂಬರೂ ಕೊಡಬೇಕಾಗ್ತದ. ಕಿರಾಯಿ ಬ್ಯಾಂಕಿಗೇ ಹಾಕಿಸ್ಕೋರಿ, 5ನೇ ತಾರೀಖಿನ ಒಳಗ. ವರ್ಷಕ್ಕ ಶೇ 5 ಏರಿಕೆ ಅಂತ ಮೊದಲೇ ಬರದಿದ್ರ ಯಾರೂ ಬ್ಯಾಸರ ಮಾಡ್ಕೋದಿಲ್ಲ. ಮೂರು ವರ್ಷ ಸುಮ್ಮನಿದ್ದು ಒಮ್ಮಿಗೇ 1,500 ಏರಿಸಿದ್ರ ಚೊಲೋ ಮಂದಿನೇ ಮೊದಲು ಬಿಟ್ಟು ಹೋಗ್ತಾರ.


ಹುಮನಾಬಾದ್‌ಬೇಸ್:

ಭಾಳ ಉಪಕಾರ ಆತ್ರಿ ಎಲ್ಲರಿಂದ. ಎರಡು ಪ್ರಶ್ನೆ ಉಳದಾವ. ಒಂದೇ ಮೀಟರ್ ಇರೋದರಿಂದ ತೊಂದರಿ ಏನು, ಬ್ಯಾರೆ ಮಾಡಿಸಬೇಕಾ? ಇನ್ನೊಂದು, ಇಷ್ಟೆಲ್ಲಾ ತಲಿಬ್ಯಾನಿಗಿಂತ ಸೇಡಂ ರೋಡಿನಾಗ ಒಂದು ಫ್ಲ್ಯಾಟ್ ತಗೊಳ್ಳೋದು ಚೊಲೋನಾ?


ಗೋದೂತಾಯಿನಗರ:

ಫ್ಲ್ಯಾಟಿಗೆ ಕೆಲಸ ಕಡಿಮಿ, ಖರೆ. ಆದ್ರ ನಾಕು ಪೋರ್ಷನ್‌ದಾಗ ಒಂದು ಖಾಲಿ ಬಿದ್ರ ಮೂರರದು ಬರ್ತದ, ಫ್ಲ್ಯಾಟ್ ಖಾಲಿ ಬಿದ್ರ ಸೊನ್ನಿ, ಮ್ಯಾಲ ಮೇಂಟೆನೆನ್ಸ್ ನಿಮ್ಮದೇ. ಎಂಟು-ಹತ್ತು ಮನಿಯ ಸಣ್ಣ ಅಪಾರ್ಟ್‌ಮೆಂಟಿನಾಗ ಸಂಘ ನೋಂದಣಿ ಆಗಿದೆಯೋ, ಲಿಫ್ಟಿನ ವಾರ್ಷಿಕ ಕರಾರು ಚಾಲೂ ಅದನೋ, ಛತ್ತಿನ ಹಕ್ಕು ಬಿಲ್ಡರ್ ತಾನೇ ಇಟ್ಕೊಂಡಾನೋ, ನಿಮ್ಮ ಪಾಲಿನ ಜಾಗಾ ಎಷ್ಟು ಚದರ ಫೂಟ್ ಅಂತ ಕ್ರಯಪತ್ರದಾಗ ಬರದದನೋ, ಇಷ್ಟು ನೋಡ್ರಿ.


ಎರಿಮಣ್ಣು:

ಮೀಟರ್ ಬ್ಯಾರೆ ಮಾಡಿಸಲೇಬೇಕು. ಗೃಹಜ್ಯೋತಿ ಒಂದು ಮೀಟರಿಗೆ ಒಂದೇ. ಬಳಕಿ ಅರ್ಹತಾ ಯೂನಿಟ್ (ಆ ಮೀಟರಿಗೆ ಪುಕ್ಕಟೆ ಅಂತ ಗೊತ್ತು ಮಾಡಿದ್ದು) ದಾಟಿ 200ರ ಒಳಗ ಇದ್ರ ಹೆಚ್ಚಿನ ಯೂನಿಟ್ಟಿಗಷ್ಟೇ ಬಿಲ್, 200 ದಾಟಿದ್ರ ಪೂರ್ತಿ ಬಿಲ್ ಕಟ್ಟಬೇಕು. ನಾಕು ಸಂಸಾರ ಒಂದೇ ಮೀಟರ್ ಮ್ಯಾಲ ಇದ್ರ 200 ಎಲ್ಲಿ ಉಳೀತದ? 200 ವ್ಯಾಟಿನ ಕೂಲರ್ ದಿನಕ್ಕ ಹನ್ನೆರಡು ತಾಸು ಓಡಿದ್ರ ತಿಂಗಳಿಗೆ 72 ಯೂನಿಟ್. ನಾಕು ಕೂಲರಿಗೇ 288 ಆತು. ಕಿರಾಯಿದಾರ್ರಿಗೆ ಬರಬೇಕಾದ ಸವಲತ್ತು ಸಬ್‌ಮೀಟರಿನಾಗ ಮುಳುಗಿ ಹೋಗ್ತದ. ಬಾಜೂ ಮನಿಯೊಳಗ ಅದೇ ಕಿರಾಯಿಗೆ ಕರೆಂಟ್ ಬಿಲ್ ಇಲ್ಲಂದ್ರ ಅವ್ರು ಅಲ್ಲಿಗೇ ಹೋಗ್ತಾರ.

ಮೊದಲು ಈಗಿನ ಆರ್‌ಆರ್ ನಂಬರಿನ (ಕರೆಂಟ್ ಸಂಪರ್ಕದ ನಂಬರ್) ಮ್ಯಾಲ ಜೆಸ್ಕಾಂ ಬಾಕಿ ಎಷ್ಟದ ನೋಡ್ರಿ, ಅದು ಮನಿ ಸಂಗಾಟನೇ ಬರ್ತದ. ಖಾತಾ ನಿಮ್ಮ ಹೆಸರಿಗೆ ಆದ ಮ್ಯಾಲ ಆರ್‌ಆರ್ ನಂಬರ್ ಹೆಸರು ಬದಲಿಸಿ, ಲೈಸೆನ್ಸ್ ಇರೋ ವಿದ್ಯುತ್ ಗುತ್ತಿಗೆದಾರರಿಂದ ಒಂದೊಂದು ಪೋರ್ಷನ್‌ದು ವಾಯರಿಂಗ್ ಪೂರ್ತಿ ಬಿಡಿಸಿ ಹೊಸ ಮೀಟರಿಗೆ ಅರ್ಜಿ ಹಾಕಸ್ರಿ. ನ್ಯೂಟ್ರಲ್ ತಂತಿ ಎರಡು ಪೋರ್ಷನ್ ನಡುವ ಕೂಡಿದ್ರ ಆರ್‌ಸಿಸಿಬಿ ಸುಮ್ಸುಮ್ನೆ ಬೀಳ್ತದ, ಹಳೆ ಮನಿಯೊಳಗ ಇದೇ ಭಾಳ ಸಲ ಆಗೋದು. ಮೋಟರ್ ಮತ್ತು ಪಾವಟಿಗಿ ದೀಪಕ್ಕ ಹಳೆ ಮೀಟರ್ ಉಳಸ್ಕೋರಿ.

ಕಿರಾಯಿದಾರ್ರು ಸೇವಾಸಿಂಧುದಾಗ ತಮ್ಮ ಆಧಾರ್, ಮೀಟರಿನ ಅಕೌಂಟ್ ಐಡಿ, ಕಿರಾಯಿ ಕರಾರು ಕೊಟ್ಟು ಗೃಹಜ್ಯೋತಿ ಹಾಕಬಹುದು. ಬಿಟ್ಟು ಹೋಗೋವಾಗ ಅವರ ಆಧಾರ್ ಆ ಮೀಟರಿನಿಂದ ಡಿಲಿಂಕ್ ಮಾಡಿಸಿದ ಮ್ಯಾಲೇ ಡಿಪಾಜಿಟ್ ವಾಪಸ್ ಕೊಡ್ರಿ. ಇಲ್ಲಂದ್ರ ಮುಂದ ಬರೋವ್ರ ಅರ್ಜಿ ತಗೊಳ್ಳಂಗಿಲ್ಲ, ಅವ್ರಿಗೂ ಹೊಸ ಮನಿಯೊಳಗ ಹತ್ತಂಗಿಲ್ಲ.


ಕೋರ್ಟ್‌ರಸ್ತೆ:

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಬಾಯಿಮಾತಿನ ಮೂವರು ಕಿರಾಯಿದಾರರಿಗೆ ಬರೆದ ಕರಾರು ಇಲ್ಲದೆ ಗೃಹಜ್ಯೋತಿಗೆ ಅರ್ಜಿ ಹಾಕುವುದು ಕಷ್ಟ. ಕರಾರಿಗೆ ಸಹಿ ಮಾಡಿ ಎಂದರೆ ‘ಮನೆ ಬಿಡಿಸಲು ಬಂದರು’ ಎಂದು ಹೆದರುತ್ತಾರೆ. ಬೇರೆ ಮೀಟರ್ ಹಾಕಿಸುವುದು ಅವರ ಬಿಲ್ ಇಳಿಸಲು, ಅದಕ್ಕೆ ಈ ಕಾಗದ ಬೇಕು ಎಂದು ವಿವರಿಸಿ, ಕಿರಾಯಿ ಸದ್ಯಕ್ಕೆ ಇದ್ದಷ್ಟೇ ಇರುತ್ತದೆ ಎಂದು ಅದರಲ್ಲೇ ಬರೆಸಿದರೆ ಸಹಿ ಬರುತ್ತದೆ. ಆ ಕರಾರಿನಲ್ಲಿ ಹಳೆ ಮಾಲಕರಿಗೆ ಕೊಟ್ಟ ಡಿಪಾಜಿಟ್ ಮೊತ್ತವನ್ನು ‘ಹೊಸ ಮಾಲಕರ ಬಳಿ ಜಮಾ’ ಎಂದು ನಮೂದಿಸಿ, ಮೊದಲು ಹೇಳಿದ ಮೂವರ ಸಹಿಯ ಪತ್ರದ ಪ್ರತಿಯನ್ನು ಜೊತೆಗೆ ಲಗತ್ತಿಸಿ.